ಬಾಟಲಿ ಹಂಚಿಕೊಳ್ಳುವ ಬಿಯರ್ ಕೂಟ: ಯಾವ ಬಗೆ ಯಾರಿಗೆ ಸರಿ?

ಕ್ರಾಫ್ಟ್ ಬಿಯರ್ ಇಷ್ಟಪಡುವ ನಾಲ್ಕು ಜನ ಸೇರಿದರೆ ಯಾರಾದರೂ ಒಬ್ಬರು ಹೇಳಿಯೇ ಹೇಳುತ್ತಾರೆ: "ಒಂದು ದಿನ ಎಲ್ಲರೂ ಒಂದೊಂದು ಬಾಟಲಿ ತನ್ನಿ, ಹಂಚಿಕೊಂಡು ರುಚಿ ನೋಡೋಣ." ಇದಕ್ಕಿಂತ ಸುಲಭದ ಏರ್ಪಾಡು ಇನ್ನೇನಿದೆ, ಅಲ್ವಾ? ನಾನೂ ಹಾಗೇ ಅಂದುಕೊಂಡಿದ್ದೆ. ಸಾಕಷ್ಟು ಕೂಟ ನಡೆಸಿದ ಮೇಲೆ ಗೊತ್ತಾಗಿದ್ದು ಉಲ್ಟಾ. ಹೇಳೋಕೆ ತೀರಾ ಸುಲಭವಾದ ಈ ಬಗೆಯೇ ನಡೆಸೋಕೆ ತೀರಾ ಕಷ್ಟ. ಒಂದೆರಡು ನಿಯಮ ಹಾಕಿದ ಕೂಟ ಮೊದಲಿಗೆ ಬಿಗಿ ಅನ್ನಿಸಬಹುದು, ಆದರೆ ಮಾತು ಸಲೀಸಾಗಿ ಹರಿಯುವುದು ಅಲ್ಲೇ.

ಹಂಚಿ ಕುಡಿಯುವ ಕೂಟಗಳಲ್ಲಿ ಮುಖ್ಯವಾಗಿ ನಾಲ್ಕು ಬಗೆ. ಯಾರು ಏನು ಬೇಕಾದರೂ ತರುವ ಮುಕ್ತ ಕೂಟ ಒಂದು. ಒಂದೇ ಶೈಲಿಯ ಬಿಯರ್‌ಗಳನ್ನು ಬೇರೆ ಬೇರೆ ಬ್ರೂವರಿಗಳಿಂದ ತಂದು ಹೋಲಿಸುವುದು ಇನ್ನೊಂದು. ಮೂರನೆಯದು ಒಂದೇ ಬಿಯರ್‌ನ ಬೇರೆ ಬೇರೆ ವಯಸ್ಸಿನ ಬಾಟಲಿಗಳನ್ನು ಸಾಲಾಗಿಡುವುದು, ಇದಕ್ಕೆ ವರ್ಟಿಕಲ್ ಅಂತಾರೆ. ನಾಲ್ಕನೆಯದು ಲೇಬಲ್ ಮುಚ್ಚಿ ಕುಡಿಯುವ ಬ್ಲೈಂಡ್ ಟೇಸ್ಟಿಂಗ್. ಆರಿಸುವ ಮೊದಲು ಒಂದು ಲೆಕ್ಕ ನೋಡಿಬಿಡೋಣ. ಯಾವ ಬಗೆಯಾದರೂ ಈ ಲೆಕ್ಕ ತಪ್ಪಿದರೆ ಕೂಟ ಕೆಟ್ಟ ಹಾಗೆಯೇ.

ತಲೆಗೆ ಎಷ್ಟು ಬೀಳುತ್ತದೆ?

"ಸುಮ್ನೆ ಎರಡೆರಡು ಗುಟುಕು ತಾನೇ" ಅನ್ನುವವರು ಈ ಲೆಕ್ಕ ಮಾಡಿರುವುದಿಲ್ಲ. ಎಂಟು ಜನ, ತಲೆಗೊಂದು 750 ಎಂಎಲ್ ಬಾಟಲಿ ಅಂದುಕೊಳ್ಳಿ. ಒಂದು ಬಾಟಲಿಯಿಂದ ಒಬ್ಬರಿಗೆ ಸಿಗುವುದು ಸುಮಾರು 94 ಎಂಎಲ್. ಬಾಟಲಿ ಎಂಟು. ಅಂದರೆ ರಾತ್ರಿ ಮುಗಿಯುವಾಗ ಒಬ್ಬೊಬ್ಬರ ಹೊಟ್ಟೆಗೆ ಹೋಗಿರುವುದು 750 ಎಂಎಲ್. ಎಷ್ಟೇ ಜನ ಬರಲಿ, ತಲೆಗೆ ಬೀಳುವುದು ಒಬ್ಬೊಬ್ಬರು ತಂದಷ್ಟೇ. ಹಂಚಿಕೊಂಡರೆ ಬಗೆ ಜಾಸ್ತಿಯಾಗುತ್ತದೆ, ಪ್ರಮಾಣ ಕಡಿಮೆಯಾಗುವುದಿಲ್ಲ.

ಈಗ ಇದಕ್ಕೆ ಸ್ಟ್ರೆಂತ್, ಅಂದರೆ ಬಿಯರ್‌ನಲ್ಲಿ ಶೇಕಡಾ ಎಷ್ಟು ಆಲ್ಕೋಹಾಲ್ ಅನ್ನುವುದನ್ನು ಸೇರಿಸಿ. ಕ್ರಾಫ್ಟ್ ಬಿಯರ್ ಅಂದರೆ ಎಲ್ಲೆಡೆ ಸಿಗುವ 5%ನ ಹಗುರ ಲಾಗರ್ ಮಾತ್ರ ಅಲ್ಲ. ಕಹಿ ಜಾಸ್ತಿ ಇರುವ ಐಪಿಎ ಸಾಮಾನ್ಯವಾಗಿ 6ರಿಂದ 7% ಇರುತ್ತದೆ, ಅದರದ್ದೇ ಸ್ಟ್ರಾಂಗ್ ರೂಪವಾದ ಡಬಲ್ ಐಪಿಎ 8% ಆಚೀಚೆ. ಕಪ್ಪಗೆ ದಟ್ಟವಾಗಿರುವ ಇಂಪೀರಿಯಲ್ ಸ್ಟೌಟ್ 12% ತಲುಪುವುದು ಹೊಸದೇನಲ್ಲ. ಸರಾಸರಿ 8% ಹಿಡಿದರೂ 750 ಎಂಎಲ್‌ನಲ್ಲಿ 47 ಗ್ರಾಂ ಆಲ್ಕೋಹಾಲ್ ಇರುತ್ತದೆ. ಹಲವು ದೇಶಗಳಲ್ಲಿ ಒಂದು ಸ್ಟ್ಯಾಂಡರ್ಡ್ ಡ್ರಿಂಕ್ ಅಂದರೆ 10 ಗ್ರಾಂ. ಅಲ್ಲಿಗೆ ಹೆಚ್ಚುಕಡಿಮೆ ಐದು ಡ್ರಿಂಕ್ ಆಯಿತು. ಉತ್ಸಾಹದಲ್ಲಿ ಎಲ್ಲರೂ ಎರಡೆರಡು ಬಾಟಲಿ ತಂದರೋ, ಒಂಬತ್ತು ದಾಟುತ್ತದೆ. ಅಷ್ಟಾದ ಮೇಲೆ ನಾಲಿಗೆಗೆ ಏನು ಗೊತ್ತಾದೀತು?

ಹಾಗಾಗಿ ನಾನು ಬಾಟಲಿಯ ಸೈಜ್ ನೋಡಿ ಜನರನ್ನು ಕರೆಯುತ್ತೇನೆ. ಒಂದು ಬಾಟಲಿಯಿಂದ ಒಬ್ಬರಿಗೆ 50ರಿಂದ 75 ಎಂಎಲ್ ಸಿಕ್ಕಿದರೆ ಮೂಸಿ ನೋಡೋಕೂ ಎರಡು ಸಲ ಬಾಯಿಗೆ ಹಾಕೋಕೂ ಸಾಕು. 330 ಎಂಎಲ್ ಬಾಟಲಿ ಅಥವಾ ಕ್ಯಾನ್ ಆದರೆ ಆರು ಜನ. 500 ಎಂಎಲ್ ಆದರೆ ಎಂಟು. 750 ಎಂಎಲ್ ಆದರೆ ಹತ್ತು. ಅದಕ್ಕಿಂತ ಜಾಸ್ತಿ ಜನ ಸೇರಿದರೆ ಮೇಜಿನ ಆ ಕಡೆಯವರು ಏನು ಕುಡಿಯುತ್ತಿದ್ದಾರೆ ಅಂತ ಈ ಕಡೆಯವರಿಗೆ ಗೊತ್ತಾಗುವುದಿಲ್ಲ. ಗುಂಪಲ್ಲಿ ಗೋವಿಂದ.

ಮುಕ್ತ ಕೂಟ: ಏನು ಬೇಕಾದರೂ ತನ್ನಿ

ಇದರ ದೊಡ್ಡ ಗುಣ ಅಚ್ಚರಿ. ನೀವಾಗಿ ಯಾವತ್ತೂ ಕೊಳ್ಳದ ಬಿಯರ್ ನಿಮ್ಮ ಗ್ಲಾಸಿಗೆ ಬರುತ್ತದೆ. ಯಾರೋ ಪ್ರವಾಸದಿಂದ ತಂದ ಬೆಲ್ಜಿಯಂನ ಹುಳಿ ಬಿಯರ್ ಲ್ಯಾಂಬಿಕ್, ಇನ್ನೊಬ್ಬರು ಮನೆಯಲ್ಲೇ ಮಾಡಿದ ಪೋರ್ಟರ್ ಅನ್ನುವ ಕಡು ಬಣ್ಣದ ಬಿಯರ್, ಮತ್ತೊಬ್ಬರ ಕೈಯಲ್ಲಿ ಜರ್ಮನಿಯ ಬಾಂಬರ್ಗ್‌ನ ಷ್ಲೆಂಕರ್ಲಾ, ಅಂದರೆ ಹೊಗೆಗೂಡಿಸಿದ ಮಾಲ್ಟ್‌ನಿಂದ (ಮೊಳಕೆ ಬರಿಸಿ ಒಣಗಿಸಿದ ಧಾನ್ಯದಿಂದ) ಮಾಡಿದ ಬಿಯರ್. ಒಂದೇ ಸಂಜೆಯಲ್ಲಿ ಇಷ್ಟು ದೂರ ಸುತ್ತಿಸುವ ಬಗೆ ಬೇರೆ ಯಾವುದೂ ಇಲ್ಲ.

ಕಷ್ಟ ಶುರುವಾಗುವುದೂ ಇಲ್ಲೇ. ಈ ಮೂರನ್ನು ಯಾವ ಕ್ರಮದಲ್ಲಿ ತೆರೆಯುತ್ತೀರಿ? ಹಗುರದಿಂದ ಭಾರಕ್ಕೆ ಹೋಗಿ, ಕಡಿಮೆ ಸ್ಟ್ರೆಂತ್‌ನಿಂದ ಹೆಚ್ಚಿಗೆ ಹೋಗಿ ಅನ್ನುವುದು ಎಲ್ಲರಿಗೂ ಗೊತ್ತಿರುವ ಸೂತ್ರ. ಆದರೆ ಷ್ಲೆಂಕರ್ಲಾದ ಮೇರ್ಟ್ಸನ್ ಅನ್ನುವ ಹೊಗೆ ಬಿಯರ್ ಬರೀ 5.1%. ಸೂತ್ರ ನಂಬಿ ಅದನ್ನು ಎರಡನೆಯದಾಗಿ ಸುರಿದರೆ ಮುಂದಿನ ನಾಲ್ಕು ಬಿಯರ್‌ನಲ್ಲೂ ಹೊಗೆಯೇ ಕಾಣಿಸುತ್ತದೆ. ತುಂಬಾ ಕಹಿಯಾದ ಐಪಿಎ ಕೂಡ ಹಾಗೆಯೇ. ಅದಾದ ಮೇಲೆ ನವಿರಾದ ಗೋಧಿ ಬಿಯರ್ ಬಂದರೆ ಬಣ್ಣದ ನೀರಿನ ಹಾಗಿರುತ್ತದೆ. ಹುಳಿ ಬಿಯರ್ ಮಾತ್ರ ಎಲ್ಲಿಟ್ಟರೂ ಜಗಳ. ಮೊದಲು ಇಟ್ಟರೆ ಅಭ್ಯಾಸ ಇಲ್ಲದವರು ಮುಖ ಸಿಂಡರಿಸುತ್ತಾರೆ, ಕೊನೆಗಿಟ್ಟರೆ ಸಿಹಿ ಸ್ಟೌಟ್ ಆದ ಮೇಲೆ ಅದು ಹಲ್ಲು ಜುಮ್ಮೆನಿಸುತ್ತದೆ. ನಾನು ನಡುವೆ ಇಡುತ್ತೇನೆ, ಐಪಿಎಗೆ ಮುಂಚೆ. ಅಲ್ಲಿ ಅದು ಬಾಯಿ ತೊಳೆದ ಹಾಗಾಗುತ್ತದೆ.

ಈ ಕ್ರಮವನ್ನು ಯಾರಾದರೂ ಒಬ್ಬರು ನಿಂತು ನಿರ್ಧರಿಸಬೇಕು, ಅದೂ ಬಾಟಲಿಗಳು ಕಣ್ಣೆದುರಿಗೆ ಬಂದ ಮೇಲೆ. ಅದಕ್ಕೇ ಮುಕ್ತ ಕೂಟ ಕರೆದವರಿಗೆ ಪುರುಸೊತ್ತೇ ಇರುವುದಿಲ್ಲ. ಯಾವುದನ್ನು ತಣ್ಣಗಿಡಬೇಕು, ಯಾವುದನ್ನು ಫ್ರಿಜ್‌ನಿಂದ ಅರ್ಧ ಗಂಟೆ ಮುಂಚೆ ತೆಗೆಯಬೇಕು ಅನ್ನುವುದೂ ಅವರ ತಲೆನೋವೇ. ಲಾಗರ್‌ಗೆ 5 ಡಿಗ್ರಿ ಸೆಲ್ಸಿಯಸ್ ಆಸುಪಾಸು ಚೆಂದ. ಇಂಪೀರಿಯಲ್ ಸ್ಟೌಟ್ ಅಷ್ಟು ತಣ್ಣಗಿದ್ದರೆ ಬಾಯಿ ಬಿಡುವುದೇ ಇಲ್ಲ, ಅದು 12-13 ಡಿಗ್ರಿಗೆ ಬಂದಾಗಲೇ ಚಾಕೊಲೇಟ್, ಕಾಫಿ, ಒಣಹಣ್ಣಿನ ವಾಸನೆ ಏಳುವುದು.

ಒಂದು ಸಲ ನಾನು "ಏನಾದರೂ ವಿಶೇಷವಾದದ್ದು ತನ್ನಿ" ಅಂದಿದ್ದೆ. ಏಳು ಜನ ಬಂದರು. ಐದು ಜನ ತಂದದ್ದು ಇಂಪೀರಿಯಲ್ ಸ್ಟೌಟ್! ವಿಶೇಷ ಅಂದ ಕೂಡಲೇ ಎಲ್ಲರ ಕೈಯೂ ಒಂದೇ ಕಡೆಗೆ ಹೋಗಿತ್ತು. ಮೂರನೆಯದರ ಹೊತ್ತಿಗೆ ಯಾರಿಗೂ ವ್ಯತ್ಯಾಸ ತಿಳಿಯಲಿಲ್ಲ. ನಾಲ್ಕನೆಯದನ್ನು ತಂದ ಗೆಳೆಯ ಅದನ್ನು ಎರಡು ವರ್ಷ ಜೋಪಾನ ಮಾಡಿಟ್ಟಿದ್ದ. ನಾವು ಅದನ್ನು ನೀರಿನ ಹಾಗೆ ಕುಡಿದೆವು. ಅವನ ಮುಖ ಈಗಲೂ ಕಣ್ಣಿಗೆ ಕಟ್ಟಿದಂತಿದೆ.

ಆದ್ದರಿಂದ ಮುಕ್ತ ಕೂಟ ಯಾರಿಗೆ ಸರಿ ಅಂದರೆ, ಆಗಲೇ ನಾಲ್ಕಾರು ಸಲ ಜೊತೆಗೆ ಕುಡಿದು ಒಬ್ಬರ ರುಚಿ ಇನ್ನೊಬ್ಬರಿಗೆ ಗೊತ್ತಿರುವ ಗುಂಪಿಗೆ. ಹೊಸಬರ ಗುಂಪಿಗೆ ಬೇಡ. ಮಾಡಲೇಬೇಕು ಅಂತಿದ್ದರೆ ಏನು ತರುತ್ತೀರಿ ಅಂತ ಎರಡು ದಿನ ಮೊದಲೇ ಕೇಳಿಬಿಡಿ. ಅಚ್ಚರಿ ಸ್ವಲ್ಪ ಕಡಿಮೆಯಾಗುತ್ತದೆ, ಆಗಲಿ ಬಿಡಿ.

ಒಂದೇ ಶೈಲಿ, ಬೇರೆ ಬ್ರೂವರಿ

ಮೊದಲ ಸಲ ಕೂಟ ಮಾಡುವವರು ನನ್ನನ್ನು ಕೇಳಿದರೆ ಹೇಳುವುದು ಇದನ್ನೇ. ಕೇಳೋಕೆ ಸಪ್ಪೆ. "ಆರು ಗೋಧಿ ಬಿಯರ್ ಕುಡಿದು ಏನು ಮಾಡೋದು?" ಅಂತಾರೆ. ಕುಡಿದು ನೋಡಿ.

ಜರ್ಮನಿಯ ಬವೇರಿಯಾ ಕಡೆಯ ಹೆಫೆವೈಜನ್ ಅನ್ನುವ ಗೋಧಿ ಬಿಯರ್ ತಗೊಳ್ಳಿ. ಎಲ್ಲವೂ 5.5% ಆಚೀಚೆ, ಹಾಗಾಗಿ ಕ್ರಮದ ತಲೆಬಿಸಿ ಇಲ್ಲ. ಎಲ್ಲಕ್ಕೂ ಒಂದೇ ತಂಪು. ಬಾಟಲಿ ಸಾಮಾನ್ಯವಾಗಿ 500 ಎಂಎಲ್. ಈ ಶೈಲಿಯ ಯೀಸ್ಟ್ ಎರಡು ವಾಸನೆ ಕೊಡುತ್ತದೆ: ಐಸೋಅಮೈಲ್ ಅಸಿಟೇಟ್‌ನಿಂದ ಬಾಳೆಹಣ್ಣು, 4-ವಿನೈಲ್ ಗ್ವಾಯಕೋಲ್‌ನಿಂದ ಲವಂಗ. ಎರಡೂ ಯಾರಿಗೂ ಹೇಳಿಕೊಡಬೇಕಾದ ವಾಸನೆಗಳಲ್ಲ. ವೈಹೆನ್‌ಸ್ಟೆಫಾನರ್ ಬ್ರೂವರಿಯದರಲ್ಲಿ ಬಾಳೆಹಣ್ಣು ಎದ್ದು ಕಾಣುತ್ತದೆ. ಷ್ನೈಡರ್‌ನ ಒರಿಜಿನಲ್ ಬಣ್ಣದಲ್ಲೂ ಗಾಢ, ಲವಂಗವೂ ಜಾಸ್ತಿ. ಎರ್ಡಿಂಗರ್ ಎರಡರಲ್ಲೂ ಮೆತ್ತಗೆ. ಒಂದರ ಪಕ್ಕ ಒಂದು ಇಟ್ಟಾಗ ಬಿಯರ್ ಬಗ್ಗೆ ಏನೂ ಗೊತ್ತಿಲ್ಲದವರೂ "ಇದು ಜಾಸ್ತಿ ಬಾಳೆಹಣ್ಣು, ಅದು ಸ್ವಲ್ಪ ಖಾರ" ಅಂತ ಥಟ್ಟನೆ ಹೇಳುತ್ತಾರೆ. ಹೋಲಿಸೋಕೆ ಪಕ್ಕದಲ್ಲೇ ಇನ್ನೊಂದಿದ್ದರೆ ಮಾತು ತಾನಾಗಿ ಬರುತ್ತದೆ. ಮುಕ್ತ ಕೂಟದಲ್ಲಿ ಅದೇ ಜನ "ಚೆನ್ನಾಗಿದೆ, ಡಿಫರೆಂಟಾಗಿದೆ" ಅಂತ ಅಡ್ಡಗೋಡೆ ಮೇಲೆ ದೀಪ ಇಟ್ಟು ಸುಮ್ಮನಾಗುತ್ತಾರೆ.

ತಿಳಿ ಬಣ್ಣದ ಲಾಗರ್ ಆದ ಪಿಲ್ಸ್‌ನರ್ ಕೂಡ ಒಳ್ಳೆಯ ಆಯ್ಕೆ. 1842ರಲ್ಲಿ ಚೆಕ್ ನಾಡಿನ ಪ್ಲಝೆನ್ ಊರಲ್ಲಿ ಹುಟ್ಟಿದ ಪಿಲ್ಸ್‌ನರ್ ಉರ್ಕೆಲ್ ಒಂದು ಕಡೆ, ಉತ್ತರ ಜರ್ಮನಿಯ ಒಣ, ಚುರುಕು ಪಿಲ್ಸ್ ಇನ್ನೊಂದು ಕಡೆ. ಚೆಕ್ ಬಿಯರ್‌ನಲ್ಲಿ ಮಾಲ್ಟ್ ದುಂಡಗೆ, ಕೆಲವೊಮ್ಮೆ ಒಂಚೂರು ಬೆಣ್ಣೆಯ ಛಾಯೆ. ಅದು ಡೈಅಸಿಟೈಲ್. ಅಲ್ಲಿ ಸ್ವಲ್ಪ ಇದ್ದರೆ ಒಪ್ಪಿಗೆ, ಜರ್ಮನ್ ಪಿಲ್ಸ್‌ನಲ್ಲಿ ಇದ್ದರೆ ದೋಷ. ಈ ಒಂದು ವಿಷಯದ ಮೇಲೆ ಅರ್ಧ ಗಂಟೆ ವಾದ ಮಾಡಬಹುದು, ನಾವು ಮಾಡಿದ್ದೇವೆ.

ಐಪಿಎ ಆರಿಸಿದರೆ ಮಾತ್ರ ಎಚ್ಚರ. ಆರು ಐಪಿಎ ಸಾಲಾಗಿ ಕುಡಿದರೆ ಕಹಿ ಒಂದರ ಮೇಲೊಂದು ಕೂತು ನಾಲಿಗೆ ದಡ್ಡಾಗುತ್ತದೆ. ನಾಲ್ಕಕ್ಕೆ ನಿಲ್ಲಿಸಿ. ಇನ್ನೊಂದು ಮಾತು, ಬಿಯರ್‌ಗೆ ಕಹಿ ಮತ್ತು ಘಮ ಕೊಡುವ ಹೂವಾದ ಹಾಪ್ಸ್‌ನ ವಾಸನೆ ಬೇಗ ಆರುವಂಥದ್ದು. ಒಂದು ಬಾಟಲಿ ಮೂರು ವಾರ ಹಳೆಯದು, ಇನ್ನೊಂದು ಏಳು ತಿಂಗಳು ಹಳೆಯದು ಅಂದರೆ ನೀವು ಹೋಲಿಸುತ್ತಿರುವುದು ಬ್ರೂವರಿಗಳನ್ನಲ್ಲ, ತಾರೀಖುಗಳನ್ನು. ಕ್ಯಾನಿನ ತಳ ನೋಡಿ ತನ್ನಿ ಅಂತ ಮೊದಲೇ ಹೇಳಿ.

ಈ ಬಗೆಯ ಕೊರತೆ ಏನು? ಆ ಶೈಲಿಯೇ ಇಷ್ಟವಿಲ್ಲದ ಒಬ್ಬರು ಬಂದಿದ್ದರೆ ಅವರಿಗೆ ಆ ಸಂಜೆ ಪೂರ್ತಿ ಶಿಕ್ಷೆ. ಲ್ಯಾಂಬಿಕ್ ಕೂಟ ಮಾಡುವಾಗ ಇದು ನೆನಪಿರಲಿ.

ವರ್ಟಿಕಲ್: ಒಂದೇ ಬಿಯರ್, ಬೇರೆ ವಯಸ್ಸು

ಮಾಡಿದರೆ ಮರೆಯಲಾಗದ ಕೂಟ, ಆದರೆ ಮಾಡೋಕೆ ವರ್ಷಗಟ್ಟಲೆ ತಾಳ್ಮೆ ಬೇಕು. ಅಮೆರಿಕದ ಸಿಯೆರಾ ನೆವಾಡ ಬ್ರೂವರಿಯ ಬಿಗ್‌ಫುಟ್ ಇದಕ್ಕೆ ಹೇಳಿ ಮಾಡಿಸಿದ್ದು. 1983ರಿಂದ ಬರುತ್ತಿರುವ 9.6% ಬಾರ್ಲಿವೈನ್ ಅದು, ಹೆಸರಲ್ಲಿ ವೈನ್ ಇದ್ದರೂ ಸ್ಟ್ರಾಂಗ್ ಬಿಯರೇ. ಹೊಸದರಲ್ಲಿ ಹಾಪ್ಸ್ ಕಹಿ ಕೆನ್ನೆಗೆ ಬಾರಿಸಿದಂತಿರುತ್ತದೆ. ನಾಲ್ಕೈದು ವರ್ಷ ಇಟ್ಟರೆ ಕಹಿ ಇಳಿದು, ಕ್ಯಾರಮೆಲ್, ಒಣದ್ರಾಕ್ಷಿಯ ಕಡೆಗೆ ಹೊರಳುತ್ತದೆ. ಬೆಲ್ಜಿಯಂನ ಶಿಮೇ ಬ್ಲೂ, 9%, ಲೇಬಲ್ ಮೇಲೇ ವರ್ಷ ಹಾಕಿಕೊಂಡು ಬರುತ್ತದೆ, ಅದೂ ಆಗುತ್ತದೆ.

ಎಲ್ಲ ಬಿಯರೂ ಇಟ್ಟಷ್ಟೂ ಹದವಾಗುತ್ತದೆ ಅಂದುಕೊಂಡವರಿದ್ದಾರೆ. ಇಲ್ಲ. ಬಹುಪಾಲು ಬಿಯರ್ ಇಟ್ಟಷ್ಟೂ ಕೆಡುತ್ತದೆ, ಒದ್ದೆ ರಟ್ಟಿನ ವಾಸನೆ ಬರುತ್ತದೆ. ಸ್ಟ್ರೆಂತ್ 8% ಮೇಲಿರಬೇಕು, ಇಲ್ಲವೇ ಹುಳಿ ಇರಬೇಕು, ಇಲ್ಲವೇ ಬಾಟಲಿಯಲ್ಲಿ ಜೀವಂತ ಯೀಸ್ಟ್ ಕೆಲಸ ಮಾಡುತ್ತಿರಬೇಕು. ಆಗ ಮಾತ್ರ ಇಡುವುದಕ್ಕೆ ಅರ್ಥ.

ವರ್ಷಗಟ್ಟಲೆ ಕಾಯೋಕೆ ಆಗದವರಿಗೆ ಒಂದು ಅಡ್ಡದಾರಿ ಇದೆ: ಓರ್ವಾಲ್. ಬೆಲ್ಜಿಯಂನ ಟ್ರಾಪಿಸ್ಟ್ ಪಂಥದ ಕ್ರೈಸ್ತ ಸನ್ಯಾಸಿಗಳ ಮಠದ ಈ ಬಿಯರ್‌ಗೆ ಬಾಟಲಿ ತುಂಬುವಾಗ ಬ್ರೆಟನೊಮೈಸಿಸ್ ಅನ್ನುವ ಕಾಡು ಯೀಸ್ಟ್ ಸೇರಿಸುತ್ತಾರೆ. ಅದು ಒಳಗೆ ನಿಧಾನವಾಗಿ ಉಳಿದ ಸಕ್ಕರೆ ತಿನ್ನುತ್ತಾ ಹೋಗುತ್ತದೆ. ಹೊಸ ಬಾಟಲಿಯಲ್ಲಿ ಹಾಪ್ಸ್ ಕಹಿ, ಕಿತ್ತಳೆ ಸಿಪ್ಪೆ. ಎಂಟು-ಹತ್ತು ತಿಂಗಳಾದದ್ದರಲ್ಲಿ ಒಣಗಿದ ರುಚಿ, ಚರ್ಮ, ಕೊಟ್ಟಿಗೆಯ ಹುಲ್ಲಿನ ವಾಸನೆ. ಬಾಟಲಿ ಮೇಲೆ ತುಂಬಿದ ತಾರೀಖೇ ಇರುತ್ತದೆ. ಒಂದೇ ವರ್ಷದಲ್ಲಿ ಮೂರು ವಯಸ್ಸಿನ ಬಾಟಲಿ ಸೇರಿಸಿದರೆ ನಾಲ್ಕು ಜನರ ಪುಟ್ಟ ಕೂಟ ಸಿದ್ಧ.

ಈ ಬಗೆಯಲ್ಲಿ ಬಾಟಲಿಗಳೆಲ್ಲ ಒಬ್ಬರದ್ದೇ ಆಗಿರುವುದು ಜಾಸ್ತಿ. ಬಂದವರು ಬರೀ ಕುಡಿಯುವವರಾಗುತ್ತಾರೆ, ಹಂಚಿಕೊಳ್ಳುವ ಸೊಗಸು ಹೋಗುತ್ತದೆ. ಅದಕ್ಕೆ ನಾವು ಮಾಡಿಕೊಂಡ ಉಪಾಯ ಇಷ್ಟೇ: ವರ್ಟಿಕಲ್‌ಗೆ ಮುಂಚೆ ಬಾಯಿ ಹದ ಮಾಡುವ ಒಂದೆರಡು ಹಗುರ ಬಿಯರ್ ಬಂದವರು ತರುತ್ತಾರೆ.

ಬ್ಲೈಂಡ್: ಲೇಬಲ್ ಮುಚ್ಚಿ

ಇದು ಪ್ರತ್ಯೇಕ ಬಗೆ ಅನ್ನುವುದಕ್ಕಿಂತ ಮೇಲಿನ ಯಾವುದಕ್ಕಾದರೂ ಹಾಕಬಹುದಾದ ಮುಸುಕು. ಬಾಟಲಿಗೆ ಕಾಗದದ ಚೀಲ ಹಾಕಿ, ನಂಬರ್ ಬರೆದು, ಒಬ್ಬರು ಒಳಗಿನಿಂದ ಸುರಿದು ತಂದರೆ ಆಯಿತು. ಹೆಸರು ನೋಡಿ ಹೊಗಳುವ ಚಾಳಿ ನಮಗೆಲ್ಲ ಇದೆ. ಮುಸುಕು ಹಾಕಿದ ದಿನ ಅಪರೂಪದ ಬಾಟಲಿ ಐದನೇ ಸ್ಥಾನಕ್ಕೆ ಬಿದ್ದು, ಎಲ್ಲೆಂದರಲ್ಲಿ ಸಿಗುವ ಲಾಗರ್ ಎರಡನೆಯದಾದದ್ದನ್ನು ನಾನೇ ನೋಡಿದ್ದೇನೆ. ಆ ಲಾಗರ್‌ಗೆ ಹತ್ತಕ್ಕೆ ಎಂಟು ಕೊಟ್ಟವನು ನಾನೇ.

ಇನ್ನೂ ಮಜಾ ಬೇಕಾದರೆ ಮೂರು ಗ್ಲಾಸಿನ ಆಟ ಆಡಿ. ಮೂರರಲ್ಲಿ ಎರಡು ಒಂದೇ ಬಿಯರ್, ಒಂದು ಬೇರೆ. ಬೇರೆಯದು ಯಾವುದು ಹೇಳಬೇಕು. ಬ್ರೂವರಿಗಳೂ ಬಳಸುವ ಈ ಪರೀಕ್ಷೆಗೆ ಟ್ರಯಾಂಗಲ್ ಟೆಸ್ಟ್ ಅಂತ ಹೆಸರು. ಕಣ್ಣುಮುಚ್ಚಿ ಹೇಳಿದರೂ ಮೂರರಲ್ಲೊಂದು ಸಲ ಸರಿಯಾಗುತ್ತದೆ. ಅಂದರೆ ಆರು ಜನರಲ್ಲಿ ಇಬ್ಬರು ಗೆದ್ದರೆ ಬೀಗಬೇಡಿ, ಅದು ಬರೀ ಅದೃಷ್ಟವೂ ಆಗಿರಬಹುದು. ಎರಡರ ಬಣ್ಣ ಬೇರೆಯಾಗಿದ್ದರೆ ಆಟವೇ ಇಲ್ಲ, ಬಣ್ಣ ಕಾಣದ ಗ್ಲಾಸ್ ಬೇಕು.

ಅಂಕ ಹಾಕುವ ಹಾಳೆ ಬೇಕಾ? ಬಿಯರ್ ಸ್ಪರ್ಧೆಗಳ ತೀರ್ಪುಗಾರರ ಸಂಸ್ಥೆಯಾದ ಬಿಜೆಸಿಪಿಯ ಹಾಳೆಯಲ್ಲಿ ಒಟ್ಟು 50 ಅಂಕ: ವಾಸನೆಗೆ 12, ನೋಟಕ್ಕೆ 3, ರುಚಿಗೆ 20, ಬಾಯಲ್ಲಿ ಕೂರುವ ರೀತಿಗೆ 5, ಒಟ್ಟಾರೆಗೆ 10. ನೋಟಕ್ಕೆ ಬರೀ 3 ಅನ್ನುವುದನ್ನು ನೋಡಿಯೇ ನನಗೆ ಆ ಹಾಳೆಯ ಮೇಲೆ ಗೌರವ ಬಂತು. ಆದರೆ ಮನೆಯ ಕೂಟದಲ್ಲಿ ಅದು ಮೂಗಿಗಿಂತ ಮೂಗುತಿ ಭಾರ. ಎಲ್ಲರೂ ತಲೆ ತಗ್ಗಿಸಿ ಬರೆಯುತ್ತಾ ಕೂತರೆ ಪರೀಕ್ಷೆ ಹಾಲ್ ಆಗುತ್ತದೆ. ಕೈ ಎತ್ತಿ ಮೊದಲ ಮೂರು ಆರಿಸಿ, ಸಾಕು.

ಬ್ಲೈಂಡ್ ಕೂಟಕ್ಕೆ ಒಂದು ಷರತ್ತು. ತಾನು ತಂದ ಬಾಟಲಿಯನ್ನು ಬೇರೆಯವರು ಬೈದರೆ ಮನಸ್ಸಿಗೆ ಹಚ್ಚಿಕೊಳ್ಳುವ ಗೆಳೆಯರಿದ್ದರೆ ಬೇಡವೇ ಬೇಡ.

ಯಾವ ಬಗೆಯಾದರೂ

ಎಲ್ಲರೂ ಹೊಸಬರು, ಯಾವ ಬಾಟಲಿ ಕೊಳ್ಳಬೇಕು ಅಂತಲೂ ತಿಳಿಯದವರು ಅಂದರೆ ತಿಳಿದ ಒಬ್ಬರೇ ಎಲ್ಲವನ್ನೂ ತಂದು ಖರ್ಚು ಹಂಚಿಕೊಳ್ಳುವುದು ಮೇಲು.

ಸಾಮಾನು ಹೆಚ್ಚೇನಿಲ್ಲ. ತಲೆಗೊಂದು ಚಿಕ್ಕ ಕಾಲಿನ ವೈನ್ ಗ್ಲಾಸ್, ಕುಡಿಯೋಕೂ ಗ್ಲಾಸ್ ತೊಳೆಯೋಕೂ ಜಗ್ಗಿನಲ್ಲಿ ನೀರು, ಒಂದು ಓಪನರ್, ನಡುನಡುವೆ ತಿನ್ನಲು ಸಪ್ಪೆ ಬ್ರೆಡ್. ಗ್ಲಾಸಿನಲ್ಲಿ ಸೋಪಿನ ಅಂಶ ಉಳಿದಿದ್ದರೆ ನೊರೆ ನಿಲ್ಲುವುದಿಲ್ಲ. ಇವೆಲ್ಲಕ್ಕಿಂತ ಮುಖ್ಯ, ಉಳಿದದ್ದನ್ನು ಸುರಿಯಲು ಒಂದು ಬಕೆಟ್. ಅದು ಮೇಜಿನ ಮೇಲೇ ಇರಲಿ, ಮತ್ತು ಕೂಟ ಕರೆದವರೇ ಮೊದಲು ಅದಕ್ಕೆ ಸುರಿಯಲಿ. ಇಲ್ಲದಿದ್ದರೆ ಬಂದವರು ದಾಕ್ಷಿಣ್ಯಕ್ಕೆ ಇಷ್ಟವಿಲ್ಲದ್ದನ್ನೂ ನುಂಗುತ್ತಾರೆ, ಮೇಲೆ ಮಾಡಿದ ಲೆಕ್ಕವೆಲ್ಲ ಬುಡಮೇಲು.

ತಳದಲ್ಲಿ ಯೀಸ್ಟ್ ಗಸಿ ಇರುವ ಬಾಟಲಿಯನ್ನು ಒಂದು ದಿನ ಮುಂಚೆಯೇ ನೆಟ್ಟಗೆ ನಿಲ್ಲಿಸಿ. ಸುರಿಯುವಾಗ ಒಂದೇ ಓಟದಲ್ಲಿ ಸುರಿಯಿರಿ. ಪ್ರತಿ ಗ್ಲಾಸಿಗೂ ಬಾಟಲಿ ಎತ್ತಿ ಇಳಿಸಿದರೆ ಗಸಿ ಕದಡಿ ಕೊನೆಯವರಿಗೆ ಕೆಸರು ಸಿಗುತ್ತದೆ. ಹೆಫೆವೈಜನ್ ಮಾತ್ರ ಇದಕ್ಕೆ ಹೊರತು, ಅದರ ಗಸಿ ಬೇಕೇ ಬೇಕು. ಹಸಿರು ಅಥವಾ ಬಣ್ಣವಿಲ್ಲದ ಗಾಜಿನ ಬಾಟಲಿ ತಂದವರಿಗೆ ಬಿಸಿಲಲ್ಲಿ ಇಡಬೇಡಿ ಅಂತ ಹೇಳಿ. ಬೆಳಕು ಬಿದ್ದರೆ ಹಾಪ್ಸ್‌ನ ಕಹಿ ಅಂಶ ಒಡೆದು ಸ್ಕಂಕ್ ಪ್ರಾಣಿಯ ಗಬ್ಬು ಬರುತ್ತದೆ. ಕಂದು ಗಾಜು ಅದನ್ನು ಬಹಳ ಮಟ್ಟಿಗೆ ತಡೆಯುತ್ತದೆ. ಇನ್ನು ಕಾರ್ಕ್ ಹಾಕಿದ ಬಾಟಲಿ, ಮನೆಯಲ್ಲಿ ಮಾಡಿದ ಬಾಟಲಿ ಎರಡನ್ನೂ ಸಿಂಕ್ ಮೇಲೆಯೇ ತೆರೆಯಿರಿ. ನಮ್ಮ ಮನೆಯ ಸೀಲಿಂಗ್ ಮೇಲೆ ಚೆರ್ರಿ ಲ್ಯಾಂಬಿಕ್‌ನ ಗುರುತು ಇನ್ನೂ ಹೋಗಿಲ್ಲ.

ಕರೆಯುವ ಮೆಸೇಜ್ ಸರಿಯಾಗಿ ಬರೆದರೆ ಅರ್ಧ ಕೆಲಸ ಮುಗಿದ ಹಾಗೆ. ಮೊದಲ ಕೂಟಕ್ಕೆ ನಾನಾದರೆ ಹೀಗೆ ಕಳಿಸುತ್ತೇನೆ:

"ಶನಿವಾರ ಸಂಜೆ ಆರಕ್ಕೆ ಮನೆಗೆ ಬನ್ನಿ. ಒಟ್ಟು ಆರು ಜನ. ಈ ಸಲ ಬರೀ ಹೆಫೆವೈಜನ್. ತಲೆಗೊಂದೇ ಬಾಟಲಿ, 500 ಎಂಎಲ್. ಯಾವುದು ತರ್ತೀರಿ ಅಂತ ಗುರುವಾರದೊಳಗೆ ಹೇಳಿ, ಇಬ್ಬರದ್ದು ಒಂದೇ ಆಗೋದು ಬೇಡ. ಫ್ರಿಜ್‌ನಲ್ಲಿ ಜಾಗ ಮಾಡಿದ್ದೀನಿ. ಊಟ ಮಾಡಿಕೊಂಡೇ ಬನ್ನಿ, ಗಾಡಿ ತರಬೇಡಿ. ಇಂಪೀರಿಯಲ್ ಸ್ಟೌಟ್ ತಂದವರನ್ನ ಒಳಗೆ ಬಿಡಲ್ಲ."